ಪಾಲಿಯೆಸ್ಟರ್ ರೆಸಿನ್ ಮತ್ತು ಫೈಬರ್ ಮ್ಯಾಟ್: ಡಾಲ್ಫಿನ್ ಕಾರಿನ ಮೇಲೆ ಹಲವು ವರ್ಷ ಬಳಸಿದ ಅನುಭವ

ಬಳಸಿದ ಸಾಮಾನು: ಸಾಮಾನ್ಯ ದರ್ಜೆಯ ಪಾಲಿಯೆಸ್ಟರ್ ರೆಸಿನ್, 300 ಮತ್ತು 450 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ) ಚಾಪ್ಡ್ ಮ್ಯಾಟ್, ಅಂದರೆ ತುಂಡು ಗಾಜಿನ ಎಳೆಗಳ ಹಾಸು, ರೆಸಿನ್ ಗಟ್ಟಿಯಾಗಿಸುವ ಎಂಇಕೆಪಿ ಹಾರ್ಡ್‌ನರ್
ಬಳಸಿದ ಗಾಡಿ: ಸಿಪಾನಿ ಡಾಲ್ಫಿನ್
ನನ್ನ ಅಂಕ: 5ಕ್ಕೆ 4

ಡಾಲ್ಫಿನ್ ನೋಡದವರಿಗೆ ಎರಡು ಮಾತು. ಇಂಗ್ಲೆಂಡಿನ ರಿಲಯಂಟ್ ಕಂಪನಿ 1975ರಲ್ಲಿ ಕಿಟನ್ ಎಂಬ ಪುಟ್ಟ ಕಾರು ಬಿಟ್ಟಿತ್ತು. ಅದೇ ವಿನ್ಯಾಸವನ್ನು ತಂದು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಿಸಿದ್ದು ಈ ಡಾಲ್ಫಿನ್. 848 ಸಿಸಿ ಎಂಜಿನ್, ಉಕ್ಕಿನ ಚಾಸಿ, ಅದರ ಮೇಲೆ ಗಾಜಿನ ಎಳೆ ಮತ್ತು ರೆಸಿನ್ ಸೇರಿಸಿ ಮಾಡಿದ ಫೈಬರ್ ಬಾಡಿ. ನಮ್ಮೂರಲ್ಲೇ ಹುಟ್ಟಿದ ಕಾರು ಅನ್ನುವ ಅಭಿಮಾನಕ್ಕೇ ಇದನ್ನು ಇಟ್ಟುಕೊಂಡಿದ್ದೇನೆ. ಬಾಡಿಗೆ ತುಕ್ಕಿನ ಕಾಟವಿಲ್ಲ, ಆದರೆ ಏಟು ಬಿದ್ದರೆ ನೆಗ್ಗುವುದಿಲ್ಲ, ಸೀಳುತ್ತದೆ. ಟಿಂಕರಿಂಗ್ ಅಂಗಡಿಗೆ ಒಯ್ದರೆ "ಇದು ತಗಡಲ್ಲ ಸಾರ್, ನಮ್ಮ ಕೈಲಿ ಆಗಲ್ಲ" ಅಂತಾರೆ. ಬೇರೆ ಪ್ಯಾನೆಲ್ ತಂದು ಹಾಕೋಣವೆಂದರೆ ಸಿಗುವುದೂ ಇಲ್ಲ. ಹಾಗಾಗಿ ಮನೆಯಲ್ಲೇ ಮಾಡಿಕೊಳ್ಳಬೇಕಾಯಿತು.

ಚಿಕ್ಕ ಡಬ್ಬಿಯಲ್ಲಿ ಬರುವ ರೆಡಿಮೇಡ್ ಕಿಟ್ ಬೇಡ. ಅದರಲ್ಲಿರುವುದೂ ಇದೇ ರೆಸಿನ್, ಇದೇ ಮ್ಯಾಟ್. ಒಂದು ಮಡ್‌ಗಾರ್ಡಿಗೂ ಸಾಲುವುದಿಲ್ಲ. ಕೆಮಿಕಲ್ ಡೀಲರ್ ಹತ್ತಿರ ಕಿಲೋ ಲೆಕ್ಕದಲ್ಲಿ ತನ್ನಿ. ತರುವಾಗ ಒಂದು ಪ್ರಶ್ನೆ ಮರೆಯದೆ ಕೇಳಿ: ರೆಸಿನ್‌ಗೆ ಕೋಬಾಲ್ಟ್ (ಹಾರ್ಡ್‌ನರ್ ಬೇಗ ಕೆಲಸ ಮಾಡಲು ಬೆರೆಸುವ ದ್ರವ) ಮೊದಲೇ ಬೆರೆತಿದೆಯೋ ಇಲ್ಲವೋ? ಬೆರೆತಿರುವುದನ್ನೇ ತೆಗೆದುಕೊಳ್ಳಿ. ಕೋಬಾಲ್ಟ್ ಬೇರೆ ಬಾಟಲಿ, ಹಾರ್ಡ್‌ನರ್ ಬೇರೆ ಬಾಟಲಿ ಮನೆಗೆ ಬಂದರೆ ಅವೆರಡೂ ಎಲ್ಲಾದರೂ ನೇರವಾಗಿ ಸೇರುವ ಅಪಾಯವಿದೆ. ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಮಕ್ಕಳಿರುವ ಮನೆಗೆ ಅದು ಖಂಡಿತ ಬೇಡ.

ರಿಪೇರಿ ಬಿಡದೆ ಗಟ್ಟಿಯಾಗಿ ನಿಲ್ಲುವುದು ಉಜ್ಜುವುದರ ಮೇಲೆ. ಗಟ್ಟಿಯಾದ ಹಳೆಯ ಫೈಬರ್ ಜೊತೆ ಹೊಸ ರೆಸಿನ್ ಕರಗಿ ಒಂದಾಗುವುದಿಲ್ಲ. ಉಜ್ಜಿದ ಗೀರುಗಳೊಳಗೆ ಇಳಿದು ಹಿಡಿದುಕೊಳ್ಳುತ್ತದೆ, ಅಷ್ಟೇ. ಪೇಂಟ್ ಮೇಲೋ ಮೇಣದ ಮೇಲೋ ಕೂತರೆ ಹಪ್ಪಳದಂತೆ ಎದ್ದು ಬರುತ್ತದೆ. ಸೀಳಿನ ಎರಡೂ ಕೊನೆಗೆ 3 ಮಿಮೀ ತೂತು ಹೊಡೆದರೆ ಸೀಳು ಮುಂದೆ ಓಡುವುದಿಲ್ಲ. ಆಮೇಲೆ ಒಳಮೈಯಲ್ಲಿ ಸೀಳಿನ ಆಚೀಚೆ ಎರಡರಿಂದ ಮೂರು ಇಂಚು ಅಗಲಕ್ಕೆ 40 ಅಥವಾ 60 ನಂಬರಿನ ಸ್ಯಾಂಡ್ ಪೇಪರಿನಿಂದ ಇಳಿಜಾರು ಬರುವಂತೆ ಉಜ್ಜಿ. ಹೊಳಪು ಪೂರ್ತಿ ಹೋಗಿ ಎಳೆಗಳು ಕಾಣಬೇಕು. ಅಸಿಟೋನ್‌ನಲ್ಲಿ ಒರೆಸಿ, ಆಮೇಲೆ ಬರಿಗೈ ತಾಗಿಸಬೇಡಿ. ಹೊರಮೈಗೆ ಮೇಣ ಸವರಿದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅಂದರೆ ಓಎಚ್‌ಪಿ ಶೀಟ್ ಬಿಗಿಯಾಗಿ ಅಂಟಿಸಿದರೆ ಆಕಾರ ನಿಲ್ಲುತ್ತದೆ, ಆ ಬದಿ ನುಣುಪಾಗಿಯೂ ಬರುತ್ತದೆ.

100 ಗ್ರಾಂ ರೆಸಿನ್‌ಗೆ ಹಾರ್ಡ್‌ನರ್ 1ರಿಂದ 2 ಗ್ರಾಂ. ಬೆಂಗಳೂರಿನ ಏಪ್ರಿಲ್ ಬಿಸಿಲಿಗೆ ನಾನು 1ರ ಹತ್ತಿರ ನಿಲ್ಲುತ್ತೇನೆ, ಡಿಸೆಂಬರಿನ ಬೆಳಿಗ್ಗೆ 2ರ ಹತ್ತಿರ. ಹಾಗಿದ್ದೂ ಕಾಲು ಗಂಟೆಯಲ್ಲಿ ಬೆರಸಿದ್ದು ಜೆಲ್ಲಿಯಾಗಲು ಶುರುವಾಗುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಬೆರಸಿ. ದೊಡ್ಡ ಡಬ್ಬದಲ್ಲಿ ಒಟ್ಟಿಗೆ ಬೆರಸಿಟ್ಟರೆ ತಾನೇ ಕಾದು ಹೊಗೆಯಾಡುತ್ತದೆ. ಮ್ಯಾಟ್ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಸಾಕು. ಜಾಸ್ತಿ ಸುರಿದರೆ ಬಲ ಬರುವುದಿಲ್ಲ, ಬಿರುಸಾಗಿ ಒಡೆಯುತ್ತದೆ. ಬ್ರಷ್ ಎಳೆಯಬೇಡಿ, ಕುಟ್ಟಿ. ಬಿಳಿ ಮ್ಯಾಟ್ ಪಾರದರ್ಶಕವಾದರೆ ರೆಸಿನ್ ಕುಡಿದಿದೆ ಎಂದು ಅರ್ಥ. ಬಿಳಿ ಚುಕ್ಕೆ ಉಳಿದರೆ ಅಲ್ಲಿ ಗಾಳಿ ಇದೆ. 450 ಜಿಎಸ್‌ಎಂ ಒಂದು ಪದರ ಸುಮಾರು 1 ಮಿಮೀ ದಪ್ಪ ಕೊಡುತ್ತದೆ, ಮೂರು ಪದರ ಹಾಕಿದರೆ ಸಾಮಾನ್ಯವಾಗಿ ಪ್ಯಾನೆಲ್ ದಪ್ಪಕ್ಕೆ ಬರುತ್ತದೆ. ಮಳೆ ಬರುವ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ. ಮ್ಯಾಟ್ ತೇವ ಹೀರಿದ್ದರೆ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಇನ್ನು ವರ್ಷಗಳು ಕಳೆದ ಮೇಲೆ ಕಂಡದ್ದು. ಮುಂದಿನ ಮಡ್‌ಗಾರ್ಡಿನ ದೊಡ್ಡ ಸೀಳಿಗೆ ಒಳಗಿನಿಂದ ಮ್ಯಾಟ್ ಹಾಕಿದ್ದು ಇವತ್ತಿಗೂ ಕಲ್ಲು. ನಮ್ಮ ರಸ್ತೆಯ ಹಂಪು, ಗುಂಡಿ ಎಲ್ಲ ತಿಂದಿದೆ, ಕೂದಲೆಳೆಯಷ್ಟೂ ಬಿಟ್ಟಿಲ್ಲ. ಹೆಡ್‌ಲೈಟ್ ಸುತ್ತಲಿನ ತುಂಡೂ ಹಾಗೇ ಇದೆ. ಇದೇ ಗಾಡಿಯಲ್ಲಿ ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಹೊರಗಿನಿಂದ ಬರೀ ಪುಟ್ಟಿ ತುಂಬಿ ಬಣ್ಣ ಹೊಡೆದ ಜಾಗಗಳಿದ್ದವು. ಅವು ಒಂದೊಂದಾಗಿ ಬಾಯಿ ಬಿಟ್ಟವು. ಪುಟ್ಟಿಯಲ್ಲಿ ಎಳೆ ಇಲ್ಲ, ಎಳೆತ ತಡೆಯುವ ಶಕ್ತಿಯೂ ಇಲ್ಲ. ಅದು ಮೈ ಸಮ ಮಾಡಲು ಮಾತ್ರ.

ಒಂದು ಅಂಕ ಕಳೆದದ್ದು ಎರಡು ಕಾರಣಕ್ಕೆ. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾದ ಮೇಲೂ ನಿಧಾನಕ್ಕೆ ಕುಗ್ಗುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಗಾಡಿ ಬಿಸಿಲಿಗೆ ನಿಂತಾಗ ರಿಪೇರಿಯ ಅಂಚು ಮತ್ತು ಮ್ಯಾಟಿನ ಎಳೆಗಳ ಗುರುತು ಬಣ್ಣದ ಮೇಲೆ ಮೂಡುತ್ತದೆ. ಗಾಢ ಬಣ್ಣ ಜಾಸ್ತಿ ಕಾಯುವುದರಿಂದ ಅದರಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ಮ್ಯಾಟ್ ಹಾಕಿದ ಮೇಲೆ ಪೇಂಟರ್ ಹತ್ತಿರ ಓಡದೆ, ಕೆಲವು ವಾರ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ, ಮತ್ತೆ ಉಜ್ಜಿ, ಆಮೇಲೆ ಪ್ರೈಮರ್ ಹೊಡೆಸಿದರೆ ಇದು ಬಹಳ ಕಡಿಮೆಯಾಗುತ್ತದೆ.

ಎರಡನೆಯದು, ಬಾಗಿಲ ಹಿಂಜು ಮತ್ತು ಬೋಲ್ಟ್ ಕೂರುವ ಜಾಗ. ಅಲ್ಲಿ ದಿನವೂ ಎಳೆತ ಇದ್ದೇ ಇರುತ್ತದೆ, ಈ ರೆಸಿನ್ ಒಂದೇ ಸಾಲದು. ಅಂಥ ಕಡೆ ಎಪಾಕ್ಸಿ (ಇನ್ನೊಂದು ಬಗೆಯ, ಹೆಚ್ಚು ಬಲವಾಗಿ ಹಿಡಿಯುವ ರೆಸಿನ್) ಹಾಕಿ ಹಿಂದೆ ಲೋಹದ ಪಟ್ಟಿ ಕೊಡುವುದೇ ಸರಿ. ಎಪಾಕ್ಸಿ ಜೊತೆ ಚಾಪ್ಡ್ ಮ್ಯಾಟ್ ಬಳಸಬೇಡಿ, ನೇಯ್ದ ಗ್ಲಾಸ್ ಬಟ್ಟೆ ತನ್ನಿ. ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರಿನಲ್ಲಿ ದ್ರಾವಕವಾಗಿರುವ ಸ್ಟೈರೀನ್‌ಗೆ ಕರಗುತ್ತದೆ. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಹಾಗಾಗಿ ಮ್ಯಾಟ್ ಮೆತ್ತಗಾಗದೆ ಸೆಟೆದುಕೊಂಡೇ ಕೂರುತ್ತದೆ.

ಈಗಿನ ಕಾರಿನವರು ಇದನ್ನು ಓದಿ ಬಂಪರಿಗೆ ಫೈಬರ್ ಹಾಕಲು ಹೊರಡುವ ಮುಂಚೆ ಬಂಪರ್ ಹಿಂದೆ ನೋಡಿ. "ಪಿಪಿ" ಅಂತ ಅಚ್ಚಿದ್ದರೆ ಅದು ಪಾಲಿಪ್ರೊಪಿಲೀನ್. ಅದಕ್ಕೆ ಈ ರೆಸಿನ್ ಅಂಟುವುದಿಲ್ಲ, ಎಷ್ಟು ಉಜ್ಜಿದರೂ. ಅದಕ್ಕೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಬೇಕು. ಟ್ರಾಕ್ಟರ್ ಫೈಬರ್ ಟಾಪ್, ಜೀಪಿನ ಫೈಬರ್ ಹಾರ್ಡ್‌ಟಾಪ್ ಇಟ್ಟುಕೊಂಡವರು ಧೈರ್ಯವಾಗಿ ಮಾಡಬಹುದು.

ಮೈ ಕಡೆ ಗಮನ ಇರಲಿ. ಹಾರ್ಡ್‌ನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಅಪಾಯ. ಕಣ್ಣು ಪೂರ್ತಿ ಮುಚ್ಚುವ ಸುರಕ್ಷತಾ ಕನ್ನಡಕ ಹಾಕದೆ ಬಾಟಲಿ ಮುಚ್ಚಳ ತೆಗೆಯಬೇಡಿ, ಸಿಡಿದರೆ ಕೂಡಲೇ ಕನಿಷ್ಠ ಕಾಲು ಗಂಟೆ ಕಣ್ಣಿಗೆ ನೀರು ಹಾಯಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಎನ್95 ಮಾಸ್ಕ್ ಉಜ್ಜುವ ಧೂಳಿಗೆ ಸರಿ, ರೆಸಿನ್ ಘಾಟಿಗೆ ಅಲ್ಲ. ಅದಕ್ಕೆ ರಾಸಾಯನಿಕದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಬಯಲಲ್ಲೇ ಕೆಲಸ ಮಾಡಬೇಕು. ಸಂಜೆ ಗಾಜಿನ ಎಳೆಯಿಂದ ಮೈ ತುರಿಸಿದರೆ ಉಜ್ಜದೆ ಧಾರಾಳ ತಣ್ಣೀರು ಸುರಿದುಕೊಳ್ಳಿ, ಕೆಲಸಕ್ಕೆ ಹಾಕಿದ್ದ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಬೇಡಿ.

ಮತ್ತೆ ಕೊಳ್ಳುತ್ತೀರಾ ಅಂದರೆ ಕೊಳ್ಳುತ್ತೇನೆ, ಆದರೆ ಬೇಕಾದಷ್ಟು ಮಾತ್ರ. ತಂಪಾದ ಜಾಗದಲ್ಲಿಟ್ಟರೂ ರೆಸಿನ್ ಕೆಲವು ತಿಂಗಳಲ್ಲೇ ಡಬ್ಬದೊಳಗೆ ಗಟ್ಟಿಯಾಗುತ್ತದೆ. ತಯಾರಿಕೆಯ ದಿನಾಂಕ ನೋಡಿಯೇ ದುಡ್ಡು ಕೊಡಿ.