ಮನಸ್ಸು ಸರಿ ಇಲ್ಲದಾಗ ಓದುವ ವಿಚಿತ್ರ ಹವ್ಯಾಸಗಳ ಪುಸ್ತಕಗಳು

ತಲೆ ಕೆಟ್ಟಿರುವಾಗ ನನಗೆ ಹಾಸ್ಯದ ಪುಸ್ತಕ ಓದಲು ಆಗುವುದಿಲ್ಲ. ನಗಿಸಲೇಬೇಕು ಅಂತ ಹೊರಟ ಬರಹ ಆ ಹೊತ್ತಿಗೆ ಕಿರಿಕಿರಿ ಮಾಡುತ್ತದೆ. ಆಗ ನನಗೆ ಬೇಕಾಗುವುದು ಬೇರೆ ಥರದ ಪುಸ್ತಕ. ಯಾರೂ ತಿರುಗಿ ನೋಡದ ಒಂದು ವಿಷಯವನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡು, ವರ್ಷಗಟ್ಟಲೆ ಅದರ ಬೆನ್ನು ಬಿದ್ದು, ಕಂಡದ್ದನ್ನೆಲ್ಲ ಶ್ರದ್ಧೆಯಿಂದ ಬರೆದಿಟ್ಟಿರಬೇಕು. ನಗು ಅಲ್ಲಿ ತಾನಾಗಿ ಬರುತ್ತದೆ. ನಗುವಿನ ಜೊತೆಗೆ ಬರೆದವರ ಮೇಲೆ ಪ್ರೀತಿಯೂ ಹುಟ್ಟುತ್ತದೆ.

ಇಂಥವನ್ನು ಹುಡುಕಲು ಸುಲಭದ ದಾರಿ ಡಯಾಗ್ರಾಮ್ ಪ್ರೈಜ್ ಗೆದ್ದವರ ಪಟ್ಟಿ. ವರ್ಷದ ಅತಿ ವಿಚಿತ್ರ ಶೀರ್ಷಿಕೆಗೆ ಕೊಡುವ ಬಹುಮಾನ ಇದು. 1978ರಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳದಲ್ಲಿ ಹೊತ್ತು ಹೋಗದವರು ಶುರು ಮಾಡಿದ್ದು, ಬ್ರಿಟನ್ನಿನ 'ದಿ ಬುಕ್‌ಸೆಲ್ಲರ್' ಪತ್ರಿಕೆ ನಡೆಸಿಕೊಂಡು ಬಂದಿದೆ. ಗೆದ್ದ ಲೇಖಕರಿಗೆ ಏನೂ ಸಿಗುವುದಿಲ್ಲ. ಹೆಸರು ಸೂಚಿಸಿದವರಿಗೆ ಒಂದು ಬಾಟಲಿ ವೈನ್, ಅಷ್ಟೇ. 1996ರಲ್ಲಿ ಗೆದ್ದದ್ದು ಗ್ರೀಸ್ ದೇಶದ ಹಳ್ಳಿ ಪೋಸ್ಟ್‌ಮ್ಯಾನ್‌ಗಳ ಅಂಚೆ ಮುದ್ರೆಯ ನಂಬರುಗಳ ಬಗ್ಗೆ ಇರುವ ಪುಸ್ತಕ! ಆದರೆ ಪಟ್ಟಿಯಲ್ಲಿರುವುದೆಲ್ಲ ಓದುವಂಥದ್ದಲ್ಲ. ಎಷ್ಟೋ ಪುಸ್ತಕಗಳಲ್ಲಿ ಶೀರ್ಷಿಕೆಯಲ್ಲೇ ಮಜಾ ಮುಗಿದುಹೋಗುತ್ತದೆ. ಆ ಪಟ್ಟಿಯಿಂದ ಎರಡು, ಪಟ್ಟಿಯ ಹೊರಗಿನವು ಎರಡು, ನನ್ನ ಕಪಾಟಿನಲ್ಲಿ ಉಳಿದುಕೊಂಡವು ಇಷ್ಟೇ. ಎಲ್ಲವೂ ಇಂಗ್ಲಿಷಿನವು.

2006ರಲ್ಲಿ ಗೆದ್ದ 'ದಿ ಸ್ಟ್ರೇ ಶಾಪಿಂಗ್ ಕಾರ್ಟ್ಸ್ ಆಫ್ ಈಸ್ಟರ್ನ್ ನಾರ್ತ್ ಅಮೆರಿಕ' ಬರೆದವರು ಜೂಲಿಯನ್ ಮಾಂಟಗ್ಯೂ, ಅಮೆರಿಕದ ಬಫಲೋ ಊರಿನ ಕಲಾವಿದ. ಸೂಪರ್‌ಮಾರ್ಕೆಟ್ಟಿನಿಂದ ತಪ್ಪಿಸಿಕೊಂಡು ಬೀದಿ, ಹಳ್ಳ, ಪೊದೆ ಸೇರಿದ ತಳ್ಳುಗಾಡಿಗಳ ಫೋಟೊ ತೆಗೆದು, ಹಕ್ಕಿಗಳನ್ನು ಗುರುತಿಸುವ ಕೈಪಿಡಿಯ ರೀತಿಯಲ್ಲೇ ವಿಂಗಡಿಸಿದ್ದಾರೆ. ಎರಡು ದೊಡ್ಡ ವರ್ಗಗಳಿವೆ. 'ಎ' ಅಂದರೆ ಸುಳ್ಳು ಅಲೆಮಾರಿಗಳು, ಮತ್ತೆ ಅಂಗಡಿಗೆ ಮರಳುವಂಥವು. 'ಬಿ' ಅಂದರೆ ನಿಜವಾದ ಅಲೆಮಾರಿಗಳು. ಈ ವರ್ಗಗಳೊಳಗೆ ಮತ್ತೆ ಬಗೆಗಳು: ಬಸ್ ಸ್ಟಾಪಿನಲ್ಲಿ ಬಿಟ್ಟುಹೋದದ್ದು, ಹಿಮ ತೆಗೆಯುವ ವಾಹನಕ್ಕೆ ಸಿಕ್ಕಿ ಜಜ್ಜಿಹೋದದ್ದು, ಎರಡು ಕಟ್ಟಡಗಳ ಸಂದಿಯಲ್ಲಿ ಸಿಕ್ಕಿಕೊಂಡದ್ದು, ಗಿಡಬಳ್ಳಿ ಹಬ್ಬಿ ಮಣ್ಣಿನ ಪಾಲಾದದ್ದು. ಇಡೀ ಪುಸ್ತಕದಲ್ಲಿ ದನಿ ಒಂದೇ ಸಮ, ವಿಜ್ಞಾನಿಯದ್ದು. ಓದುತ್ತಾ ಓದುತ್ತಾ ನನಗೇ ಪ್ರಶ್ನೆಗಳು ಏಳತೊಡಗಿದವು. ಬಸ್ ಸ್ಟಾಪಿನಲ್ಲಿ ನಿಂತ ಗಾಡಿ 'ಎ'ನಾ, 'ಬಿ'ನಾ? ಅಂಗಡಿಯವರು ಬಂದು ಒಯ್ದರೆ ಎ, ಒಯ್ಯದಿದ್ದರೆ ಬಿ. ಹಾಗಾದರೆ ಎಷ್ಟು ದಿನ ಕಾಯಬೇಕು? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಬೇರೆ ಚಿಂತೆಗೆ ಜಾಗವೇ ಇರಲಿಲ್ಲ. ಒಂದು ಎಚ್ಚರಿಕೆ: ಒಂದೇ ಸಲಕ್ಕೆ ಪೂರ್ತಿ ಓದಬೇಡಿ, ಫೋಟೊಗಳು ಒಂದೇ ಥರ ಅನ್ನಿಸಿಬಿಡುತ್ತವೆ. ಸುಮ್ನೆ ಎಲ್ಲೋ ತೆರೆದು ನಾಲ್ಕು ಪುಟ ನೋಡಿ ಇಟ್ಟುಬಿಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟ 'ಕ್ರೋಶೇಯಿಂಗ್ ಅಡ್ವೆಂಚರ್ಸ್ ವಿತ್ ಹೈಪರ್ಬಾಲಿಕ್ ಪ್ಲೇನ್ಸ್'. ಬರೆದವರು ಲಾಟ್ವಿಯಾ ಮೂಲದ ಡೈನಾ ಟೈಮಿನಾ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞೆಯಾಗಿದ್ದವರು. ಹೈಪರ್ಬಾಲಿಕ್ ಜ್ಯಾಮಿತಿ, ಅಂದರೆ ಸಪಾಟಾಗಿರದೆ ಎಲ್ಲ ಕಡೆಯೂ ಕುದುರೆಯ ಜೀನಿನ ಹಾಗೆ ಬಾಗಿದ ಮೇಲ್ಮೈಯ ಜ್ಯಾಮಿತಿ, ಪಾಠ ಮಾಡಲು ಆಗ ಇದ್ದದ್ದು ಅಂಟಿಸಿದ ಕಾಗದದ ಮಾದರಿಗಳು. ಕೈಯಲ್ಲಿ ಹಿಡಿದು ನೋಡುವಷ್ಟು ಗಟ್ಟಿ ಇರಲಿಲ್ಲ. 1997ರಲ್ಲಿ ಅವರು ಅದನ್ನೇ ಕ್ರೋಶಾ ಕಡ್ಡಿ ಹಿಡಿದು ಹೆಣೆದರು.

ಕ್ರೋಶಾ ನನಗೆ ಚಿಕ್ಕಮ್ಮ ಕಲಿಸಿದ್ದು. ಹಾಗಾಗಿ ಓದುತ್ತಲೇ ಕೈ ಹಚ್ಚಿದೆ. ನಿಯಮ ಒಂದೇ: ಪ್ರತಿ 5 ಹೊಲಿಗೆಗೆ ಒಂದು ಹೊಲಿಗೆ ಜಾಸ್ತಿ ಹಾಕುತ್ತಾ ಹೋಗಬೇಕು, ಆ ಲೆಕ್ಕ ತಪ್ಪಬಾರದು. 20 ಹೊಲಿಗೆಯಿಂದ ಶುರು ಮಾಡಿದರೆ ಮುಂದಿನ ಸಾಲಿನಲ್ಲಿ 24, ಆಮೇಲೆ ಸುಮಾರು 29. ಹತ್ತು ಸಾಲು ಕಳೆಯುವಾಗ 120 ದಾಟುತ್ತದೆ, ಹದಿನೈದಕ್ಕೆ 300 ದಾಟುತ್ತದೆ. ಮೊದಲ ಸಾಲುಗಳು ಸಪಾಟಾಗಿರುತ್ತವೆ. ಆಮೇಲೆ ಅಂಚು ಮೆಲ್ಲಗೆ ಮೇಲೆ ಕೆಳಗೆ ಬಾಗುತ್ತದೆ. ಸಾಲು ಹೆಚ್ಚಿದಂತೆ ಅಂಚಿಗೆ ಹರಡಿಕೊಳ್ಳಲು ಜಾಗ ಸಾಲದೆ ಸುರುಳಿ ಸುರುಳಿಯಾಗಿ ಕೈತುಂಬ ತುಂಬಿಕೊಳ್ಳುತ್ತದೆ. ಸಮುದ್ರದ ಹವಳದಲ್ಲಿ ಕಾಣುವುದೂ ಇದೇ ಆಕಾರ. ಇನ್ನು ಬೇರೆ ಬಣ್ಣದ ದಾರದಲ್ಲಿ ಅದರ ಮೇಲೆ ಒಂದು ಸರಳರೇಖೆ ಹೊಲಿಯಿರಿ. ಹೊರಗೊಂದು ಬಿಂದು ಹಿಡಿದು, ಅದರ ಮೂಲಕ ಮೊದಲ ರೇಖೆಯನ್ನು ಎಂದೂ ಮುಟ್ಟದ ರೇಖೆಗಳನ್ನು ಹೊಲಿಯಿರಿ. ಶಾಲೆಯಲ್ಲಿ ಅಂಥದ್ದು ಒಂದೇ ಅಂತ ಹೇಳಿಕೊಟ್ಟಿದ್ದರು, ಅಲ್ವಾ? ಇಲ್ಲಿ ಎಷ್ಟು ಬೇಕಾದರೂ ಹಾಕಬಹುದು. ಬೆರಳಲ್ಲಿ ಸವರಿ ನೋಡಬಹುದು. ನನಗೆ ಖುಷಿಗೆ ಮೈ ಜುಮ್ಮೆಂದಿತು. 2009ರ ಡಯಾಗ್ರಾಮ್ ಬಹುಮಾನ ಇದಕ್ಕೆ ಬಂತು. 2012ರಲ್ಲಿ ಅಮೆರಿಕದ ಗಣಿತ ಸಂಘ ಆಯ್ಲರ್ ಪುಸ್ತಕ ಬಹುಮಾನವನ್ನೂ ಕೊಟ್ಟಿತು. ಎರಡಕ್ಕೂ ಇದು ಯೋಗ್ಯ. ಜ್ಯಾಮಿತಿಯ ಇತಿಹಾಸ ಬರುವ ಭಾಗಗಳು ಕಷ್ಟ. ಅವನ್ನು ದಾಟಿಕೊಂಡು ಹೋದರೂ ನಷ್ಟವಿಲ್ಲ. ಆದರೆ ಕಡ್ಡಿ ಹಿಡಿದು ಒಂದು ತುಂಡಾದರೂ ಹೆಣೆಯದೆ ಈ ಪುಸ್ತಕ ಓದಿದರೆ ಓದಿದ ಹಾಗಲ್ಲ.

ಕೈಗೆ ಕೆಲಸ ಬೇಡ, ಮಲಗಿಕೊಂಡೇ ಓದಬೇಕು ಅನ್ನುವವರಿಗೆ 'ದಿ ಕ್ಲೌಡ್‌ಸ್ಪಾಟರ್ಸ್ ಗೈಡ್' ಇದೆ. ಮೋಡ ಮೆಚ್ಚುವವರ ಸಂಘವನ್ನೇ ಕಟ್ಟಿದ ಗ್ಯಾವಿನ್ ಪ್ರೆಟರ್-ಪಿನ್ನಿ 2006ರಲ್ಲಿ ಬರೆದದ್ದು. ಒಂದೊಂದು ಬಗೆಯ ಮೋಡಕ್ಕೆ ಒಂದೊಂದು ಅಧ್ಯಾಯ. ವಿಲಿಯಂ ರಾಂಕಿನ್ ಅನ್ನುವ ಪೈಲಟ್ 1959ರಲ್ಲಿ ಸುಮಾರು 47,000 ಅಡಿ ಎತ್ತರದಲ್ಲಿ ವಿಮಾನದಿಂದ ಹಾರಿ, ಗುಡುಗು ಮೋಡದ ಹೊಟ್ಟೆಯೊಳಗೆ ಸಿಕ್ಕಿ, ಸುಮಾರು 40 ನಿಮಿಷ ಮೇಲೆ ಕೆಳಗೆ ಎಸೆದಾಡಿಸಿಕೊಂಡು ಬದುಕಿ ಬಂದ ಕಥೆಗಾಗಿಯಾದರೂ ಓದಿ. ಈ ಸಂಘದವರ ಹಟದಿಂದಲೇ 'ಆಸ್ಪೆರಿಟಾಸ್' ಎಂಬ ಮೋಡದ ರೂಪ 2017ರಲ್ಲಿ ವಿಶ್ವ ಹವಾಮಾನ ಸಂಸ್ಥೆಯ ಮೋಡಗಳ ಅಟ್ಲಾಸಿಗೆ ಸೇರಿತು. ಆಕಾಶ ನೋಡುತ್ತಾ ಕೂರುವ ಹವ್ಯಾಸ ಎಲ್ಲಿಗೆ ಹೋಗಿ ಮುಟ್ಟಿತು ನೋಡಿ!

ಕೊನೆಯದಾಗಿ 'ನಿಟ್ಟಿಂಗ್ ವಿತ್ ಡಾಗ್ ಹೇರ್', 1994ರದ್ದು. ಸಾಕಿದ ನಾಯಿಯ ಕೂದಲಿನಿಂದ ನೂಲು ತೆಗೆದು ಸ್ವೆಟರ್ ಹೆಣೆಯುವುದು ಹೇಗೆ ಅಂತ ತಿಳಿಸುತ್ತದೆ. ಕೂದಲನ್ನು ಕತ್ತರಿಸಬಾರದು, ಬಾಚಿ ತೆಗೆಯಬೇಕು. ಒಳಪದರದ ಮೆತ್ತನೆ ಕೂದಲೇ ಒಳ್ಳೆಯದು. ಮಾಹಿತಿ ಚೊಕ್ಕವಾಗಿದೆ, ನಾಯಿಗಳ ಮೇಲಿನ ಅಕ್ಕರೆ ಪುಟಪುಟದಲ್ಲೂ ಇದೆ. ಉದ್ದ ಕೂದಲಿನ ನಾಯಿ ಸಾಕಿರುವ ಗೆಳೆಯರಿಗೆ ಉಡುಗೊರೆ ಕೊಡಲು ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ನಾಯಿ ಇಲ್ಲದವರು ಲೈಬ್ರರಿಯಿಂದ ತಂದು ಓದಿದರೆ ಸಾಕು.