ಡೇಟಾಬೇಸ್ ನಾವೇ ಸಾಕಬೇಕಾ, ಬಾಡಿಗೆಗೆ ತಗೋಬೇಕಾ?

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಬಾಡಿಗೆ ಕಡೆಯವನು. ಅಂದರೆ ಮ್ಯಾನೇಜ್ಡ್ ಕ್ಲೌಡ್ ಡೇಟಾಬೇಸ್, ಸರ್ವರ್ ನೋಡಿಕೊಳ್ಳುವ ಕೆಲಸ ಕ್ಲೌಡ್ ಕಂಪನಿಯದ್ದು. ಅದಕ್ಕೂ ಮೊದಲು ಎರಡು ವರ್ಷ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಅನ್ನು ನಮ್ಮದೇ ವಿಪಿಎಸ್ (ಬಾಡಿಗೆಯ ಖಾಲಿ ಸರ್ವರ್, ಒಳಗಿನದೆಲ್ಲ ನಾವೇ ನೋಡಿಕೊಳ್ಳಬೇಕು) ಮೇಲೆ ಸಾಕಿದ್ದೆ.

ನಮ್ಮದು ಅಂಗಡಿಗಳಿಗೆ ಬಿಲ್ ಹಾಕುವ ಸಣ್ಣ ಸಾಫ್ಟ್‌ವೇರ್, ಕೆಲಸಕ್ಕೆ ಇಬ್ಬರೇ. ಆಗ ತಿಂಗಳಿಗೆ 1,500 ರೂಪಾಯಿ ಆಗುತ್ತಿತ್ತು, ಈಗ 4,000 ದಾಟುತ್ತದೆ. ಅದರ ಮೇಲೆ ಜಿಎಸ್‌ಟಿ ಬೇರೆ.

ಹಾಗಿದ್ದೂ ಯಾಕೆ ಬಿಟ್ಟೆ? ಒಂದು ಸ್ಲಾಟ್ ಮರೆತಿದ್ದಕ್ಕೆ. ರಿಪೋರ್ಟ್‌ಗಳಿಗೆಂದು ಒಂದು ರೆಪ್ಲಿಕಾ, ಅಂದರೆ ಡೇಟಾಬೇಸ್‌ನ ನಕಲು, ಬೇರೆ ಸರ್ವರ್‌ನಲ್ಲಿ ಇಟ್ಟಿದ್ದೆ. ದುಡ್ಡು ಉಳಿಸೋಣ ಅಂತ ಆ ಸರ್ವರ್ ತೆಗೆದುಹಾಕಿದೆ, ಆದರೆ ಮುಖ್ಯ ಸರ್ವರ್‌ನಲ್ಲಿ ಅದರ ರೆಪ್ಲಿಕೇಶನ್ ಸ್ಲಾಟ್, ಅಂದರೆ ಆ ನಕಲು ಎಲ್ಲಿಯವರೆಗೆ ಓದಿದೆ ಅನ್ನುವ ಗುರುತು, ಹಾಗೇ ಉಳಿದಿತ್ತು. ಸ್ಲಾಟ್ ಇರುವ ತನಕ ಪೋಸ್ಟ್‌ಗ್ರೆಸ್, ರೆಪ್ಲಿಕಾ ಎಂದಾದರೂ ಬಂದು ಓದೀತು ಅಂತ, ಪ್ರತಿ ಬದಲಾವಣೆಯನ್ನೂ ಬರೆದಿಡುವ 16 ಎಂಬಿಯ ವಾಲ್ (WAL) ಫೈಲುಗಳನ್ನು ಒಂದೂ ಬಿಸಾಡದೆ ಕೂಡಿಡುತ್ತಾ ಹೋಗುತ್ತದೆ. ಊರು ಬಿಟ್ಟವನಿಗೆ ದಿನಾ ಎಲೆ ಹಾಕಿ ಬಡಿಸಿದ ಹಾಗೆ. ಒಂದೂವರೆ ತಿಂಗಳಿಗೆ ಡಿಸ್ಕ್ ತುಂಬಿ, ಶನಿವಾರ ಸಂಜೆ ಅಂಗಡಿಗಳಲ್ಲಿ ಜನ ತುಂಬಿದ್ದಾಗಲೇ ಡೇಟಾಬೇಸ್ ಮಲಗಿತು.

ಆ ವಾಲ್ ಫೈಲುಗಳನ್ನು ಅಳಿಸಿಬಿಡೋಣ ಅಂತ ಕೈ ಹೋಗಿತ್ತು. ಪುಣ್ಯ, ಅಳಿಸಲಿಲ್ಲ, ಅಳಿಸಿದ್ದರೆ ಅದು ಮತ್ತೆ ಏಳದೇ ಹೋಗಬಹುದಿತ್ತು. ಡಿಸ್ಕ್ ದೊಡ್ಡದು ಮಾಡಿ, ಸ್ಟಾರ್ಟ್ ಮಾಡಿ, ಸ್ಲಾಟ್ ತೆಗೆಯುವಷ್ಟರಲ್ಲಿ ಎರಡು ಗಂಟೆ ಹೋಯಿತು. ಪೋಸ್ಟ್‌ಗ್ರೆಸ್ 13ನೇ ಆವೃತ್ತಿಯಿಂದ ಸ್ಲಾಟ್‌ಗಾಗಿ ಎಷ್ಟು ಫೈಲು ಕೂಡಿಡಬೇಕು ಅನ್ನೋದಕ್ಕೊಂದು ಮಿತಿ ಹಾಕಬಹುದು, ಆದರೆ ನಾವಾಗಿ ಹಾಕದಿದ್ದರೆ ಮಿತಿಯೇ ಇರುವುದಿಲ್ಲ. ನಾನು ಹಾಕಿರಲಿಲ್ಲ.

ಬಾಡಿಗೆಯದರಲ್ಲೂ ಸ್ಲಾಟ್ ಮರೆತರೆ ಡಿಸ್ಕ್ ತುಂಬುತ್ತದೆ, ಅದರಲ್ಲಿ ಮಾಯಾಮಂತ್ರ ಏನಿಲ್ಲ. ಆದರೆ ನಾನು ತಗೊಂಡಿದ್ದರಲ್ಲಿ ಮೊದಲೇ ಮೇಲ್ ಬರುತ್ತದೆ, ಡಿಸ್ಕ್ ತಾನೇ ಬೆಳೆಯುತ್ತದೆ. ಬೆಳೆದದ್ದು ಮತ್ತೆ ಇಳಿಯಲ್ಲ ಅನ್ನೋದೊಂದು ಕಿರಿಕಿರಿ.

ಬ್ಯಾಕಪ್‌ನಲ್ಲಿ ಹೋಲಿಕೆಯೇ ಇಲ್ಲ. ನನ್ನದು ರಾತ್ರಿ ತೆಗೆಯುವ ಡಂಪ್, ಅಂದರೆ ದಿನಕ್ಕೊಮ್ಮೆ ಇಡೀ ಡೇಟಾದ ಪ್ರತಿ, ಮಧ್ಯಾಹ್ನ ಕೆಟ್ಟರೆ ಬೆಳಗಿನ ಬಿಲ್ಲೆಲ್ಲ ಹೋಯಿತು. ಇಲ್ಲಿ ಕಳೆದ 7 ದಿನಗಳಲ್ಲಿ ಬೇಕಾದ ನಿಮಿಷಕ್ಕೆ ಹಿಂದೆ ಹೋಗಬಹುದು. ಸೂಪರ್‌ಯೂಸರ್ ಅಧಿಕಾರ, ಅಂದರೆ ಡೇಟಾಬೇಸ್ ಮೇಲೆ ಪೂರ್ತಿ ಹಿಡಿತ, ಕೊಡಲ್ಲ, ನನಗೆ ಅದು ಬೇಕಾಗಿಯೂ ಇಲ್ಲ.

ರಾತ್ರಿ ಎದ್ದು ಸರ್ವರ್ ನೋಡುವ ಆಸಕ್ತಿ ಇರುವವರು ನಿಮ್ಮಲ್ಲಿದ್ದರೆ ಸ್ವಂತದ್ದೇ ಇಟ್ಟುಕೊಳ್ಳಿ, ದುಡ್ಡು ಉಳಿಯುತ್ತದೆ. ನಾನು ಹಬ್ಬಕ್ಕೆ ಊರಿಗೆ ಹೋದರೆ ತೋಟದಲ್ಲಿ ನೆಟ್‌ವರ್ಕೇ ಸಿಗಲ್ಲ, ನನಗೆ 2,500 ಜಾಸ್ತಿ ಕೊಡೋದೇ ವಾಸಿ. ಟೆಸ್ಟಿಂಗ್ ಡೇಟಾಬೇಸ್ ಮಾತ್ರ ಚಿಕ್ಕದೊಂದು ವಿಪಿಎಸ್ ಮೇಲೆ ನಾನೇ ನೋಡಿಕೊಳ್ಳುತ್ತೇನೆ. ಅದು ಮಲಗಿದರೆ ಸೋಮವಾರ ಎಬ್ಬಿಸಿದರಾಯಿತು.