ವಿಡಿಯೋ ಕಾಲ್‌ಗೆ ಯಾವ ಲೈಟ್? ಕಿಟಕಿ, ಟ್ಯೂಬ್‌ಲೈಟ್, ರಿಂಗ್ ಲೈಟ್, ಟೇಬಲ್ ಲ್ಯಾಂಪ್ ಬಳಸಿ ನೋಡಿದ ಮೇಲೆ

ಆನ್‌ಲೈನ್‌ನಲ್ಲಿ ವೀಣೆ ಹೇಳಿಕೊಡುವಾಗ ಮುಖ ಕಂಡರೆ ಸಾಲದು. ಎಡಗೈ ಬೆರಳು ವೀಣೆಯ ಯಾವ ಮೆಟ್ಟಿನ (ತಂತಿಯ ಕೆಳಗಿನ ಅಡ್ಡ ಪಟ್ಟಿ) ಮೇಲಿದೆ, ಗಮಕಕ್ಕೆ, ಅಂದರೆ ಸ್ವರವನ್ನು ತೂಗಿಸಲು, ತಂತಿಯನ್ನು ಎಷ್ಟು ಎಳೆದೆ, ಬಲಗೈ ಹೇಗೆ ಮೀಟಿತು ಅನ್ನೋದೆಲ್ಲ ಆ ಕಡೆ ಕೂತ ಮಗುವಿಗೆ ಕಾಣಬೇಕು. ನನ್ನ ಶಿಷ್ಯರಲ್ಲಿ ಹೆಚ್ಚಿನವರು ಅಮೆರಿಕದ ಪೂರ್ವ ತೀರದ ಕನ್ನಡ ಮನೆಗಳ ಮಕ್ಕಳು. ಬೇಸಿಗೆಯಲ್ಲಿ ಅವರ ರಾತ್ರಿ ಎಂಟೂವರೆ ಅಂದರೆ ಮೈಸೂರಿನ ನಮ್ಮ ಮನೆಯಲ್ಲಿ ಬೆಳಗಿನ ಆರು ಗಂಟೆ.

ನಮ್ಮ ಯಜಮಾನರದು ಬೇರೆ ಥರ. ದಿನವಿಡೀ ಆಫೀಸಿನ ಮೀಟಿಂಗು, ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ, ಕನ್ನಡಕ ಹಾಕುತ್ತಾರೆ. ಅವರಿಗೆ ಮುಖ ಚೆನ್ನಾಗಿ ಕಂಡರೆ ಸಾಕು. ಎರಡು ಸಾವಿರ ರೂಪಾಯಿಯೊಳಗೆ ಸಿಗುವ ಲೈಟುಗಳನ್ನು ಇಬ್ಬರೂ ಬಳಸಿ ನೋಡಿದ್ದೇವೆ. ನನಗೆ ಗೆದ್ದದ್ದು ಟೇಬಲ್ ಲ್ಯಾಂಪು ಮತ್ತು ಒಂದು ಥರ್ಮಾಕೋಲ್ ಹಾಳೆ. ಅವರಿಗೂ ಕೊನೆಗೆ ಲ್ಯಾಂಪೇ ಹಿಡಿಸಿತು, ಆದರೆ ಬೇರೆ ಕಾರಣಕ್ಕೆ.

ಕಿಟಕಿಯಿಂದ ಶುರು ಮಾಡುತ್ತೇನೆ, ಯಾಕಂದರೆ ಅದಕ್ಕೆ ಖರ್ಚಿಲ್ಲ. ಕಿಟಕಿಗೆ ಮುಖ ಮಾಡಿ ಕೂತರೆ ಸಿಗುವ ಬೆಳಕಿನ ಹತ್ತಿರಕ್ಕೂ ನಾವು ಕೊಂಡ ಯಾವ ಲೈಟೂ ಬರಲಿಲ್ಲ. ಕಿಟಕಿ ದೊಡ್ಡದು, ಅದಕ್ಕೇ ಬೆಳಕು ಮುಖದ ಸುತ್ತ ಹರಡಿಕೊಂಡು ಬರುತ್ತದೆ, ಮೂಗಿನ ಪಕ್ಕ ಕಡುವಾದ ನೆರಳು ಬೀಳುವುದಿಲ್ಲ. ಹಣೆಯ ಕುಂಕುಮ ಕುಂಕುಮದ ಬಣ್ಣದಲ್ಲೇ ಕಾಣುತ್ತದೆ. ನೇರ ಬಿಸಿಲು ಬಿದ್ದರೆ ತೆಳು ಬಿಳಿ ಪಂಚೆಯೊಂದನ್ನು ಅಡ್ಡ ಕಟ್ಟಿದರೆ ಆಯಿತು. ಕಿಟಕಿ ಬೆನ್ನಿಗೆ ಮಾತ್ರ ಇರಬಾರದು. ಕ್ಯಾಮೆರಾ ಹಿಂದಿನ ಬೆಳಕಿಗೆ ಹೊಂದಿಕೊಂಡು ಮುಖವನ್ನು ಕಪ್ಪು ಮಾಡಿಬಿಡುತ್ತದೆ.

ತೊಂದರೆ ಇರುವುದು ಹೊತ್ತಿನಲ್ಲಿ. ಆರು ಗಂಟೆಗೆ ಇಲ್ಲಿ ಇನ್ನೂ ಬೆಳಕು ಹರಿಯುತ್ತಿರುತ್ತದೆ ಅಷ್ಟೇ. ನವೆಂಬರ್‌ನಲ್ಲಿ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟ ಮೇಲೆ ನಮ್ಮ ಕ್ಲಾಸು ಏಳಕ್ಕೆ ಬರುತ್ತದೆ. ಆ ಕೆಲವು ತಿಂಗಳು ಕಿಟಕಿಯೊಂದೇ ಸಾಕು. ಆದರೆ ಇಂಗ್ಲೆಂಡಿನ ಮಕ್ಕಳಿಗೆ ರಾತ್ರಿ ಒಂಬತ್ತಕ್ಕೆ ಪಾಠ ಇರುತ್ತದೆ, ಆಗ ಕಿಟಕಿ ನೆಚ್ಚಿಕೊಳ್ಳಲು ಆಗುವುದಿಲ್ಲ. ಮಳೆಗಾಲದಲ್ಲಿ ಮೋಡ ಬಂದು ಹೋಗಿ ಮಾಡುವಾಗ ಮುಖ ಒಮ್ಮೆ ಬೆಳಗಿ ಒಮ್ಮೆ ಮಂಕಾಗುವುದೂ ಕಿರಿಕಿರಿ.

ಗೋಡೆಯ ಟ್ಯೂಬ್‌ಲೈಟ್ ಎಲ್ಲರ ಮನೆಯಲ್ಲೂ ಇದೆ. ಈಗಿನ 20 ವ್ಯಾಟ್ ಎಲ್‌ಇಡಿ ಬ್ಯಾಟನ್ ಕೋಣೆಗೆ ಧಾರಾಳ ಬೆಳಕು ಕೊಡುತ್ತದೆ. ಆದರೆ ಅದು ಮೇಲಿಂದ ಬೀಳುವ ಬೆಳಕು, ಅದಕ್ಕೇ ಕಣ್ಣಿನ ಕೆಳಗೆ ಗುಳಿ ಬಿದ್ದ ಹಾಗೆ ಕಾಣುತ್ತದೆ. ವೀಣೆ ಮುಂದೆ ಸ್ವಲ್ಪ ಬಗ್ಗಿ ಕೂತರಂತೂ ನನ್ನ ತಲೆಯ ನೆರಳೇ ಮೆಟ್ಟುಗಳ ಮೇಲೆ ಬೀಳುತ್ತದೆ. ಹಿನ್ನೆಲೆ ಕತ್ತಲಾಗದ ಹಾಗೆ ಅದು ಉರಿಯಲಿ, ಆದರೆ ಅದನ್ನೇ ಮುಖ್ಯ ಬೆಳಕು ಮಾಡಿಕೊಳ್ಳಬೇಡಿ.

ಇನ್ನು ರಿಂಗ್ ಲೈಟ್, ಅಂದರೆ ಉಂಗುರದ ಆಕಾರದ ದೀಪ. ಲೈಟ್ ಬೇಕು ಅಂದ ಕೂಡಲೇ ಎಲ್ಲರೂ ಹೇಳುವುದು ಇದನ್ನೇ. ಸ್ಟ್ಯಾಂಡ್ ಸಮೇತ ಹತ್ತು ಇಂಚಿನದಕ್ಕೆ ಸುಮಾರು ಎಂಟುನೂರು ರೂಪಾಯಿ ಕೊಟ್ಟೆವು. ಅದರ ಒಳ್ಳೆಯ ಗುಣಗಳು ನಿಜವಾಗಿಯೂ ಒಳ್ಳೆಯವೇ. ಹಳದಿ, ಬಿಳಿ, ನಡುವಿನದು ಅಂತ ಮೂರು ಬಣ್ಣ ಬದಲಾಯಿಸಬಹುದು. ಬೆಳಕನ್ನು ಹೆಚ್ಚು ಕಮ್ಮಿ ಮಾಡಬಹುದು. ಫೋನನ್ನು ನಡುವೆ ಸಿಕ್ಕಿಸಿದರೆ ಮುಖಕ್ಕೆ ನೇರ ಬೆಳಕು. ಕನ್ನಡಕ ಇಲ್ಲದವರು, ಫೋನಿನಲ್ಲೇ ಮಾತಾಡುವವರು, ಮುಖ ಮಾತ್ರ ತೋರಿಸುವವರು ಕಣ್ಣು ಮುಚ್ಚಿ ಕೊಳ್ಳಬಹುದು.

ನಮ್ಮಿಬ್ಬರಿಗೂ ಅದು ಹೊಂದಲಿಲ್ಲ. ಯಜಮಾನರ ಕನ್ನಡಕದ ಎರಡು ಗಾಜಿನಲ್ಲೂ ಎರಡು ಬಿಳಿ ಉಂಗುರ ಕೂತುಬಿಡುತ್ತಿತ್ತು, ಎದುರಿಗಿದ್ದವರಿಗೆ ಕಣ್ಣೇ ಕಾಣದು. ಲೈಟನ್ನು ತಲೆಗಿಂತ ಎತ್ತರಕ್ಕೆ ಏರಿಸಿ, ಒಂದು ಪಕ್ಕಕ್ಕೆ ಸರಿಸಿ, ಕೆಳಮುಖ ಮಾಡಿದರೆ ಉಂಗುರ ಹೋಗುತ್ತದೆ. ಆದರೆ ಹಾಗೆ ಪಕ್ಕಕ್ಕೆ ಇಟ್ಟ ಮೇಲೆ ಅದು ರಿಂಗ್ ಆಗಿರುವುದರಿಂದ ಏನೂ ಪ್ರಯೋಜನ ಉಳಿಯಲಿಲ್ಲ, ಮಾಮೂಲಿ ದೀಪವೇ ಆಯಿತು ಅಲ್ವಾ? ನನ್ನ ಕಡೆಯದು ಇನ್ನೂ ಕಷ್ಟ. ವೀಣೆಯ ಪಾಲಿಶ್ ಮೇಲೆ ಉಂಗುರ ಹೊಳೆಯುತ್ತದೆ. ಲೋಹದ 24 ಮೆಟ್ಟುಗಳೂ ಒಂದೊಂದಾಗಿ ಮಿಂಚುತ್ತವೆ. ಮೆಟ್ಟುಗಳನ್ನು ಕೂರಿಸಿದ ಕಪ್ಪು ಮೇಣದ ಮೇಲೆ ಆ ಮಿಂಚು ಕುಣಿಯುವಾಗ ಬೆರಳು ಎಲ್ಲಿದೆ ಅಂತ ಮಗುವಿಗೆ ಗೊತ್ತಾಗುವುದೇ ಇಲ್ಲ. ಮುಖದ ಎತ್ತರಕ್ಕಿಟ್ಟರೆ ಕೈಗೆ ಬೆಳಕು ಸಾಲದು, ಕೈಯ ಎತ್ತರಕ್ಕಿಳಿಸಿದರೆ ಮುಖಕ್ಕೆ ಕೆಳಗಿನಿಂದ ಬೆಳಕು ಬಿದ್ದು ವಿಕಾರವಾಗಿ ಕಾಣುತ್ತದೆ.

ರಿಂಗ್ ಲೈಟ್ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಿ. ಅದು ಯುಎಸ್‌ಬಿಯ 5 ವೋಲ್ಟ್‌ನಲ್ಲಿ ಉರಿಯುತ್ತದೆ. ಹತ್ತು ಇಂಚಿನದು ಪೂರ್ತಿ ಬೆಳಕಿಗೆ 2 ಆಂಪಿಯರ್ ತನಕ ಎಳೆಯಬಹುದು. ಲ್ಯಾಪ್‌ಟಾಪಿನ ಹಳೆಯ ಥರದ ಯುಎಸ್‌ಬಿ ಪೋರ್ಟ್ ಸಾಮಾನ್ಯವಾಗಿ 0.5ರಿಂದ 0.9 ಆಂಪಿಯರ್‌ಗೆ ಮಾಡಿದ್ದು. ಅದಕ್ಕೆ ಚುಚ್ಚಿದರೆ ಬೆಳಕು ಮಂಕಾಗುತ್ತದೆ, ಕೆಲವೊಮ್ಮೆ ಮಿಣುಕುತ್ತದೆ. ಮೊಬೈಲ್ ಚಾರ್ಜರ್‌ಗೆ ಹಾಕಿ. ಇದರಿಂದ ಒಂದು ಲಾಭವೂ ಇದೆ: ಕರೆಂಟ್ ಹೋದಾಗ ಪವರ್ ಬ್ಯಾಂಕ್‌ನಲ್ಲಿ ಉರಿಯುತ್ತದೆ. ಇನ್ವರ್ಟರ್ ಇಲ್ಲದ ಮನೆಗೆ ಇದು ದೊಡ್ಡ ಮಾತು. ನಮ್ಮ ರಿಂಗ್ ಲೈಟ್ ಈಗ ಆ ಕೆಲಸಕ್ಕೇ ಮೀಸಲು.

ಈಗ ಟೇಬಲ್ ಲ್ಯಾಂಪ್. ಒಳಗೇ ಎಲ್‌ಇಡಿ ಕೂರಿಸಿದ ಹೊಸ ನಮೂನೆಯವನ್ನು ನಾನು ಅಷ್ಟಾಗಿ ಮೆಚ್ಚಲಿಲ್ಲ. ಪುಸ್ತಕ ಓದಲು ಚೆಂದ, ಮುಖಕ್ಕೆ ತಿರುಗಿಸಿದರೆ ಕಣ್ಣು ಕುಕ್ಕುತ್ತದೆ. ನಮಗೆ ಒದಗಿದ್ದು ಅತ್ತೆಯವರ ಕಾಲದ್ದು, ಕತ್ತು ಬಗ್ಗಿಸಬಹುದಾದ, ಮಾಮೂಲಿ ಪಿನ್ ಬಲ್ಬ್ ಹಾಕುವ ಲ್ಯಾಂಪು. ಅದಕ್ಕೆ 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಹಾಕಿದೆ. 2015ರ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ 'ಹೊಸ ಬೆಳಕು' ಯೋಜನೆಯಲ್ಲಿ ಹಂಚಲು ಶುರು ಮಾಡಿದರಲ್ಲ, ಆ ಅಳತೆಯದೇ. ಇಂಥ ಬಲ್ಬು ಸುಮಾರು 800ರಿಂದ 900 ಲುಮೆನ್ ಬೆಳಕು ಕೊಡುತ್ತದೆ. ಒಬ್ಬರ ವಿಡಿಯೋ ಕಾಲ್‌ಗೆ ಅಷ್ಟು ಬೇಕಾದಷ್ಟಾಯಿತು.

ಬಲ್ಬನ್ನು ನನ್ನ ಕಡೆಗೆ ತಿರುಗಿಸುವುದಿಲ್ಲ. ಸ್ಟೇಷನರಿ ಅಂಗಡಿಯ ಥರ್ಮಾಕೋಲ್ ಹಾಳೆಯೊಂದನ್ನು ನನ್ನ ಎಡ ಮುಂಭಾಗದಲ್ಲಿ ಕುರ್ಚಿಗೆ ಒರಗಿಸಿ ನಿಲ್ಲಿಸುತ್ತೇನೆ. ಲ್ಯಾಂಪಿನ ತಲೆಯನ್ನು ಅದರ ಕಡೆಗೆ ತಿರುಗಿಸುತ್ತೇನೆ. ಬೆಳಕು ಹಾಳೆಗೆ ಬಡಿದು ಹರಡಿಕೊಂಡು ನನ್ನ ಮೇಲೆ ಬರುತ್ತದೆ. ಚಿಕ್ಕ ಬಲ್ಬು ಇದ್ದ ಜಾಗದಲ್ಲಿ ಈಗ ಒಂದು ಮೀಟರ್ ಎತ್ತರದ ಬೆಳಕಿನ ಹಲಗೆ, ಅಂದರೆ ಪುಟ್ಟ ಕಿಟಕಿಯೇ. ಅದು ನೆಲದಿಂದಲೇ ಎದ್ದು ನಿಲ್ಲುವುದರಿಂದ ಮುಖಕ್ಕೂ ಮೆಟ್ಟಿನ ಮೇಲಿನ ಎಡಗೈಗೂ ಒಟ್ಟಿಗೆ ಬೆಳಕು ಸಿಗುತ್ತದೆ. ಮೆಟ್ಟುಗಳ ಮೇಲಿನ ಚುಚ್ಚುವ ಮಿಂಚು ಹೋಗಿ ಹಿತವಾದ ಹೊಳಪು ಮಾತ್ರ ಉಳಿಯಿತು. ಗಮಕದಲ್ಲಿ ತಂತಿ ಎಷ್ಟು ಸರಿಯಿತು ಅಂತ ಮಕ್ಕಳು ಈಗ ನೋಡಿಯೇ ಹೇಳುತ್ತಾರೆ. ನನಗೆ ಬೇಕಾಗಿದ್ದದ್ದು ಇದೇ.

ಥರ್ಮಾಕೋಲ್ ಬೇಗ ಬೆಂಕಿ ಹತ್ತುವ ವಸ್ತು. ಎಲ್‌ಇಡಿ ಬಲ್ಬೇ ಹಾಕಿ, ಅದನ್ನೂ ಹಾಳೆಯಿಂದ ಒಂದಡಿ ದೂರವಿಡಿ. ಹಳೇ ಕಾಲದ ತಂತಿ ಬಲ್ಬ್ ಬೇಡವೇ ಬೇಡ.

ಯಜಮಾನರು ಥರ್ಮಾಕೋಲ್ ಕೂಡ ಬೇಡ ಅಂದರು. ಅವರ ಮೇಜು ಬಿಳಿ ಗೋಡೆಗೆ ಅಂಟಿಕೊಂಡಿದೆ. ಲ್ಯಾಪ್‌ಟಾಪ್ ಹಿಂದೆ ಇನ್ನೊಂದು ಲ್ಯಾಂಪಿಟ್ಟು ಗೋಡೆಗೇ ಬೆಳಕು ಬಿಡುತ್ತಾರೆ. ಬಲ್ಬು ಕಣ್ಣಿಗೆ ಬೀಳುವುದಿಲ್ಲ, ಕನ್ನಡಕದಲ್ಲಿ ಉಂಗುರವಿಲ್ಲ, ಸಂಜೆಯ ತನಕ ಕೂತರೂ ಕಣ್ಣು ಉರಿಯುವುದಿಲ್ಲ. ಗೋಡೆಗೆ ಹಸಿರು, ಗುಲಾಬಿ ಅಂತ ಬಣ್ಣ ಬಳಿದಿದ್ದರೆ ಮುಖಕ್ಕೂ ಆ ಛಾಯೆ ಬರುತ್ತದೆ. ಆಗ ಗೋಡೆಗೆ ಒಂದು ಬಿಳಿ ಡ್ರಾಯಿಂಗ್ ಶೀಟ್ ಅಂಟಿಸಿ.

ಮಾನಿಟರ್ ಮೇಲೆ ಕೂರಿಸುವ ಲೈಟ್ ಬಾರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ಮೇಜಿನ ಮೇಲೆ ಬೆಳಕು ಬೀಳಲಿ ಅಂತ ಮಾಡಿದ ಸಾಮಾನು, ಮುಖಕ್ಕಲ್ಲ. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ಕ್ಲಿಪ್ ಲೈಟ್ ಪ್ರಯಾಣಕ್ಕೆ ಸರಿ, ಮನೆಗೆ ಬೇಡ. ಅಷ್ಟು ಚಿಕ್ಕದರಿಂದ ಕಡು ನೆರಳೇ ಬೀಳುತ್ತದೆ.

ಬಲ್ಬಿನ ಬಣ್ಣದ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಅಂಗಡಿಯಲ್ಲಿ ಇದನ್ನು ಯಾರೂ ವಿಚಾರಿಸುವುದಿಲ್ಲ. ಸುಮ್ನೆ ಬಲ್ಬ್ ಕೊಡಿ ಅಂದರೆ ಕೊಡುವುದು 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ನೀಲಿ ಮಿಶ್ರಿತ ಬಿಳಿ. ನಮ್ಮ ಗೋಧಿ ಮೈಬಣ್ಣ ಅದರಲ್ಲಿ ಬೂದಿ ಬಳಿದ ಹಾಗೆ ಕಾಣುತ್ತದೆ. 3000ದ್ದು ಹಳದಿ. 4000 ಕೆಲ್ವಿನ್ ಅಂತ ಡಬ್ಬಿಯ ಮೇಲೆ ಬರೆದದ್ದನ್ನು ಕೇಳಿ ತನ್ನಿ, ನ್ಯಾಚುರಲ್ ವೈಟ್ ಅಂತಲೂ ಇರುತ್ತದೆ. ಅದೇ ಡಬ್ಬಿಯಲ್ಲಿ ಸಿಆರ್‌ಐ ಅಂತ ಒಂದು ಅಂಕಿ ಇರಬಹುದು, ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಅನ್ನುವುದರ ಅಳತೆ ಅದು. ಮನೆ ಬಳಕೆಯವು ಹೆಚ್ಚಾಗಿ 80ರ ಆಸುಪಾಸಿನವು. 90 ದಾಟಿದ್ದು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತನ್ನಿ, ಕೆಂಪು ಬಣ್ಣ ಸರಿಯಾಗಿ ಬರುತ್ತದೆ. ಮುಂದೆ ಹಳದಿ, ಮೇಲೆ ನೀಲಿ ಬಿಳಿ ಅಂತ ಬೆರೆಸಬೇಡಿ. ಕ್ಯಾಮೆರಾ ಯಾವುದಕ್ಕೆ ಹೊಂದಿಕೊಳ್ಳಬೇಕು ಅಂತ ತಿಳಿಯದೆ ಮುಖದ ಅರ್ಧ ಒಂದು ಬಣ್ಣ, ಇನ್ನರ್ಧ ಇನ್ನೊಂದು ಬಣ್ಣ ಮಾಡುತ್ತದೆ.

ವಿಡಿಯೋದಲ್ಲಿ ಅಡ್ಡಡ್ಡ ಪಟ್ಟಿಗಳು ಓಡುತ್ತಿದ್ದರೆ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ವೆಬ್‌ಕ್ಯಾಮ್ ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿದ್ದಿದ್ದರೆ ಪಟ್ಟಿ ಬರುತ್ತದೆ. ಸೆಟ್ಟಿಂಗ್‌ನಲ್ಲಿ ಆ್ಯಂಟಿ ಫ್ಲಿಕರ್ ಅಂತ ಇದ್ದರೆ 50 ಮಾಡಿ. ಬಲ್ಬ್ ಕೊಳ್ಳುವಾಗಲೇ ಅಂಗಡಿಯವರ ಹತ್ತಿರ ಹಚ್ಚಿಸಿ, ಫೋನಿನ ಸ್ಲೋ ಮೋಷನ್‌ನಲ್ಲಿ ಹಿಡಿದು ನೋಡಿ. ಮಿಣುಕುವುದಾದರೆ ಅಲ್ಲೇ ಕಾಣುತ್ತದೆ.

ಮನೆಯಲ್ಲಿ ಟೇಬಲ್ ಲ್ಯಾಂಪ್ ಇದ್ದರೆ ಬಲ್ಬು, ಹಾಳೆ ಸೇರಿ ಖರ್ಚು ಇನ್ನೂರೈವತ್ತು ದಾಟದು. ಲ್ಯಾಂಪನ್ನೂ ಕೊಳ್ಳಬೇಕಾದರೆ ಪಿನ್ ಹೋಲ್ಡರ್ ಇರುವ, ಕತ್ತು ಬಗ್ಗುವಂಥದ್ದನ್ನೇ ಕೇಳಿ, ಬೇಕಾದ ಬಲ್ಬು ಹಾಕಿಕೊಳ್ಳಬಹುದು. ಬೆಳಕು ಸಾಲದು ಅನಿಸಿದರೆ ಮೊದಲು ಹಾಳೆಯನ್ನೂ ಲ್ಯಾಂಪನ್ನೂ ನಿಮ್ಮ ಹತ್ತಿರ ಎಳೆದು ನೋಡಿ. ಆರಡಿಯಿಂದ ಮೂರಡಿಗೆ ತಂದರೆ ಬೆಳಕು ಎಷ್ಟೋ ಪಟ್ಟು ಹೆಚ್ಚುತ್ತದೆ. ಆಮೇಲೂ ಸಾಲದಿದ್ದರೆ 12 ವ್ಯಾಟ್‌ನ ಬಲ್ಬ್ ತನ್ನಿ.